ನಾನು ಹಾಕದ ಫಿಲ್ಟರ್

ಒಂದು ಕೆಲಸವನ್ನು ನಾನು ಮಾಡಲಿಲ್ಲ, ಮಾಡಿದ್ದೇನೆ ಎಂದು ಅಣ್ಣನಿಗೆ ಹೇಳಿದೆ. ಇಷ್ಟು ವರ್ಷದ ಮೇಲೆ ಬರೆಯಲು ಕೂತದ್ದು ಅದಕ್ಕಾಗಿ. ದೆವ್ವ, ಪವಾಡ ಎಂದರೆ ನಂಬುವವಳಲ್ಲ ನಾನು. ಮೈಮೇಲೆ ದೇವರು ಬಂದವರನ್ನು ಕಂಡರೆ ಸೆರಗು ಅಡ್ಡ ಹಿಡಿದು ನಗುತ್ತಿದ್ದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು, ಬರವಣಿಗೆ ಅಷ್ಟಕ್ಕಷ್ಟೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಾವು ಹರಿಹರದ ಪಕ್ಕದ ಗುತ್ತೂರಿನಲ್ಲಿದ್ದೆವು. ಅಣ್ಣ ದಾವಣಗೆರೆಯ ಹತ್ತಿ ವ್ಯಾಪಾರಿಯೊಬ್ಬರಲ್ಲಿ ಕೆಲಸಕ್ಕಿದ್ದ. ಹಳ್ಳಿ ತಿರುಗಿ ಹತ್ತಿ ನೋಡಿ ಬರಲು ಅವರು ಹಳೆಯ ಮೋಟಾರ್ ಸೈಕಲ್ ಕೊಟ್ಟಿದ್ದರು, ಮಿಲಿಟರಿಯವರು ಹರಾಜು ಹಾಕಿದ್ದು. ಬಂಡಿದಾರಿ, ಹೊಲದ ಬದು, ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಅದಕ್ಕೆ ಆಗದಿದ್ದದ್ದು ಧೂಳು ಒಂದೇ. ಇಂಜಿನ್ನು ಎಳೆದುಕೊಳ್ಳುವ ಗಾಳಿಯನ್ನು ಸೋಸಲು ಒಂದು ತಗಡಿನ ಡಬ್ಬಿ, ಅದರೊಳಗೆ ಅಂಗೈಯಗಲದ ತಂತಿ ಜಾಲರಿ. ಅಣ್ಣ ಅದನ್ನು ಫಿಲ್ಟರ್ ಎನ್ನುತ್ತಿದ್ದ. ಎಂಟು ದಿನಕ್ಕೊಮ್ಮೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಇಂಜಿನ್ ಆಯಿಲ್‌ನಲ್ಲಿ ಅದ್ದಿ, ಸೋರಲು ಬಿಟ್ಟು ಮತ್ತೆ ಕೂರಿಸಬೇಕು. ಎಣ್ಣೆ ಇದ್ದರೇ ಧೂಳು ಅಂಟುವುದು. ಒಮ್ಮೆ ಅದಿಲ್ಲದೆ ಓಡಿಸಿ, ಕಾರ್ಬೊರೇಟರಿಗೆ ಮಣ್ಣು ಹೋಗಿ ಗಾಡಿ ಆನಗೋಡಿನ ಹತ್ತಿರ ನಿಂತೇಬಿಟ್ಟಿತ್ತು. ಎತ್ತಿನ ಬಂಡಿಯಲ್ಲಿ ಹೇರಿಕೊಂಡು ತಂದರು. ಡಬ್ಬಿಯ ಬಾಯಿ ಕಿರಿದು, ಅಣ್ಣನ ಬೆರಳು ದಪ್ಪ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. “ನಿಂದು ಹಲ್ಲಿ ಬೆರಳು ಬಿಡವ್ವ, ಎಲ್ಲಿ ಬೇಕಾದ್ರೂ ತೂರ್ತಾವೆ” ಎಂದು ಅಣ್ಣ ರೇಗಿಸುತ್ತಿದ್ದ.

ಆ ದಿನ ಸಂಜೆ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಳೆಯ ಜಾಲರಿ ಹರಿದಿತ್ತು. ಅಣ್ಣ ಹೊಸದು ತಂದು, ಬೆಳಿಗ್ಗೆಯೇ ಹಾಕಿಬಿಡು ಎಂದಿದ್ದ. ಹಳೆಯದನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟೆ, ಡಬ್ಬಿ ಒರೆಸಿದೆ. ಆಯಿಲ್ ಸುರಿಯಲು ಹೋದವಳು ನನ್ನ ಉಗುರು ನೋಡಿಕೊಂಡೆ. ಆ ಕಪ್ಪು ಸಂದಿಗೆ ಹೋದರೆ ಮೂರು ದಿನ ಬಿಡುವುದಿಲ್ಲ. ಬಂದವರ ಮುಂದೆ ತಟ್ಟೆ ಹಿಡಿದಾಗ ಮೊದಲು ನೋಡುವುದೇ ಕೈಯನ್ನು. ಈ ದಿನ ಗಾಡಿ ಎಲ್ಲಿಗೂ ಹೋಗುವುದಿಲ್ಲವಲ್ಲ, ನಾಳೆ ಹಾಕಿದರಾಯಿತು ಎಂದು ಖಾಲಿ ಡಬ್ಬಿಯ ಮುಚ್ಚಳ ಬಿಗಿದೆ. ಹೊಸದು ಮೇಣದ ಕಾಗದದಲ್ಲಿ ಸುತ್ತಿದ ಹಾಗೇ ಒಳಕೋಣೆಯ ಗೂಡಿನಲ್ಲಿತ್ತು.

“ಹಾಕಿದ್ಯೇನವ್ವ?” ಎಂದು ಅಣ್ಣ ಬಚ್ಚಲಿನಿಂದ ಕೇಳಿದ.

“ಹಾಕೀನಿ” ಎಂದೆ.

ಮಧ್ಯಾಹ್ನ ಅಣ್ಣನ ಮಗಳು, ಮೂರು ವರ್ಷದ ಗಿರಿಜಾ, ಶೇಂಗಾ ತಿನ್ನುತ್ತ ನಕ್ಕಳು. ಕಾಳು ಗಂಟಲೊಳಗೆ ಇಳಿದು ಸಿಕ್ಕಿಕೊಂಡಿತು. ಬೆನ್ನಿಗೆ ಗುದ್ದಿದೆವು, ತಲೆಕೆಳಗು ಮಾಡಿದೆವು, ಬರಲಿಲ್ಲ. ಉಸಿರು ಎಳೆದಾಗಲೆಲ್ಲ ಸೀಟಿಯಂಥ ಸದ್ದು, ತುಟಿ ನೀಲಿಗಟ್ಟುತ್ತಿತ್ತು. ದಾವಣಗೆರೆ ಆಸ್ಪತ್ರೆಗೇ ಹೋಗಬೇಕು ಎಂದು ಅಣ್ಣ ಗಾಡಿ ಹೊರತೆಗೆದ. ಅತ್ತಿಗೆ ಮಗುವನ್ನು ಅವಚಿಕೊಂಡು ಹಿಂದೆ ಕೂತಳು. ಅಣ್ಣ ಕಿಕ್ ಹೊಡೆಯುವಾಗಲೇ ನನಗೆ ಡಬ್ಬಿ ನೆನಪಾಯಿತು. ಹೇಳಿದರೆ ತಡವಾಗುತ್ತದೆಂದು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಲ್ಲ. ಸುಳ್ಳು ಹೊರಬೀಳುತ್ತದೆಂದು ಸುಮ್ಮನಿದ್ದೆ.

ಆಗ ದಾವಣಗೆರೆಯ ರಸ್ತೆ ಅಗೆದು ಹಾಕಿದ್ದರು. ಹತ್ತಿ ಬಂಡಿಗಳು ಓಡಾಡಿ ಮಣ್ಣು ಹಿಟ್ಟಾಗಿತ್ತು. ಗಾಡಿಯ ಸದ್ದು ಅಡಗಿದ ಮೇಲೆ ಒಳಕೋಣೆಗೆ ಓಡಿದೆ. ಫಿಲ್ಟರ್ ಗೂಡಿನಲ್ಲೇ ಇತ್ತು. ಕಾಗದ ಬಿಚ್ಚಿ ನೋಡಿದೆ, ಮುಟ್ಟಿದೆ. ಎಣ್ಣೆ ತಾಗದ ಒಣ ಹೊಸ ತಂತಿ. ಅವ್ವನ ಕಣ್ಣಿಗೆ ಬೀಳಬಾರದೆಂದು ಮತ್ತೆ ಕಾಗದದಲ್ಲಿ ಮಡಚಿ, ನನ್ನ ಟ್ರಂಕಿನ ತಳದಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ.

ಆ ಮೇಲಿನ ಹೊತ್ತು ಹೇಗೆ ಕಳೆಯಿತೋ. ರಸ್ತೆಯಲ್ಲಿ ಬಂಡಿ ಕಂಡರೆ ಅದರ ಮೇಲೆ ಗಾಡಿ ಹೇರಿದ್ದಾರೇನೋ, ಅತ್ತಿಗೆ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಡೆದು ಬರುತ್ತಿದ್ದಾಳೇನೋ ಎಂದು ಬಾಗಿಲಿಗೆ ಓಡುತ್ತಿದ್ದೆ. ಗಂಡಿನ ಕಡೆಯವರು ಬಂದಾಗ ಅವ್ವ ಬಾಗಿಲಲ್ಲೇ, “ಮಗೀಗೆ ಹಿಂಗಾಗೈತೆ, ಇನ್ನೊಂದ್ಸಲ ಬರ್ರಿ” ಎಂದು ಕೈಮುಗಿದಳು.

ದೀಪ ಹಚ್ಚುವ ಹೊತ್ತಿಗೆ ಗಾಡಿಯ ಸದ್ದು ಕೇಳಿತು. ಡಾಕ್ಟರು ಕಾಳು ತೆಗೆದಿದ್ದರು. ಗಿರಿಜಾ ಅತ್ತಿಗೆಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಅಣ್ಣ ಮುಖ ಕೂಡ ತೊಳೆಯದೆ ನನ್ನನ್ನು ಕರೆದು ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಹೊಸ ಜಾಲರಿ ಎಣ್ಣೆ ಕುಡಿದು, ಕೆಮ್ಮಣ್ಣು ಮೆತ್ತಿಕೊಂಡು ಕೂತಿತ್ತು.

“ನೋಡು, ಎಷ್ಟು ಮಣ್ಣು ತಡೆದೈತೆ. ಇದು ಇಲ್ದಿದ್ರೆ ಗಾಡಿ ಅರ್ಧ ದಾರೀಗೆ ನಿಲ್ತಿತ್ತು. ಇವಳನ್ನ ಉಳಿಸಿದೋಳು ನೀನವ್ವ” ಎಂದ. ಅವನ ಕಣ್ಣು ತುಂಬಿತ್ತು.

ನಾನು ಒಳಗೆ ಹೋಗಿ ಟ್ರಂಕು ತೆಗೆದೆ. ಬೀಗ ಹಾಕಿದ ಹಾಗೇ ಇತ್ತು. ಸೀರೆಗಳ ಕೆಳಗೆ ಮೇಣದ ಕಾಗದ ಮಾತ್ರ ಇತ್ತು, ನಾನು ಮಡಚಿದ ಹಾಗೇ. ಹರಿದ ಹಳೆಯ ಜಾಲರಿ ಕಟ್ಟೆಯ ಮೇಲಿತ್ತು. ದೀಪದ ಹತ್ತಿರ ಕೈ ಹಿಡಿದು ನೋಡಿಕೊಂಡೆ, ಉಗುರು ಸ್ವಚ್ಛವಾಗಿದ್ದವು. ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿದಿರಾ ಎಂದು ಅತ್ತಿಗೆಯನ್ನು ಮರುದಿನ ಕೇಳಿದೆ. ಎಲ್ಲೂ ಇಲ್ಲ ಎಂದಳು. ಮರೆವೋ ಭ್ರಮೆಯೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಗಾಡಿ ಹೋದ ಮೇಲೆ ಆ ತಂತಿಯನ್ನು ಮುಟ್ಟಿದವಳು ನಾನೇ. ಇದಕ್ಕಿಂತ ಮುಂದೆ ನನ್ನ ಬುದ್ಧಿ ಹೋಗುವುದಿಲ್ಲ.

ಅಣ್ಣ ಮಾತ್ರ ಆ ಕಥೆಯನ್ನು ಬಿಡಲಿಲ್ಲ. ನನ್ನ ಮದುವೆಯಲ್ಲಿ ಹೇಳಿದ, ಗಿರಿಜಾಳ ಮದುವೆಯಲ್ಲಿ ಹೇಳಿದ. ನಾನು ತಲೆ ತಗ್ಗಿಸಿದರೆ ಜನ ನಾಚಿಕೆ ಎಂದುಕೊಂಡರು. ಹೋದ ತಿಂಗಳು ದಾವಣಗೆರೆಯ ವಿನೋಬನಗರದಲ್ಲಿ ಗಿರಿಜಾಳ ಮನೆಗೆ ಹೋಗಿದ್ದೆ. ಅಣ್ಣನೂ ಇದ್ದ. ಗಿರಿಜಾಳ ಮಗಳ ಕಡೆಯ ಹೊಸ ಬೀಗರೆದುರು ಮತ್ತೆ ಶುರುಮಾಡಿದ. ಗಿರಿಜಾ ಎದ್ದು ಬಂದು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಅವಳ ಕೈ ಹಿಡಿದುಕೊಂಡೆ.

“ಅಣ್ಣಾ, ಅವತ್ತು ನಾನು ಫಿಲ್ಟರ್ ಹಾಕಿರ್ಲಿಲ್ಲ. ನೀನು ಕಿಕ್ ಹೊಡೆಯೋವಾಗ ನೆನಪಾದ್ರೂ ಬಾಯಿ ಬಿಡಲಿಲ್ಲ. ಯಾರು ಹಾಕಿದ್ರೋ ನಂಗೊತ್ತಿಲ್ಲ, ನಾನಂತೂ ಅಲ್ಲ. ತಪ್ಪಾತು ಅಣ್ಣ. ಗಿರಿಜಾ, ನಿಂಗೂ ಹೇಳ್ತೀನವ್ವ, ತಪ್ಪಾತು.”