ತೂಬಿನ ಬಾಯಿಯ ಫೋಟೋ

ಎಂಬತ್ತರ ದಶಕದ ಕೊನೆಯಲ್ಲಿ ಬ್ಯಾಡಗಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು. ಒಂದು ಮಳೆಗಾಲದ ಕೊನೆಗೆ ಇಂಜಿನಿಯರೊಬ್ಬರು ಹುಡುಕಿಕೊಂಡು ಬಂದರು. ಮೋಟೆಬೆನ್ನೂರಿನ ಆಚೆಯ ಕೆರೆಯೊಂದು ತುಂಬಿ ನಿಂತಿತ್ತು. ಒಡ್ಡಿನ ಹಿಂಬದಿ ಕೆಂಪು ನೀರು ಜಿನುಗುತ್ತಿತ್ತು. ನೀರೊಳಗೆ ತೂಬಿನ ಬಾಯಿ ಹೇಗಿದೆಯೆಂದು ತೋರಿಸದೆ ಮೇಲಧಿಕಾರಿಗಳು ಕೋಡಿ ಒಡೆದು ನೀರು ಹೊರಬಿಡಲು ಒಪ್ಪುವುದಿಲ್ಲವಂತೆ.

"ನೀರಾಗ ಫೋಟೋ ತೆಗೀಲಿಕ್ಕೆ ಆಗತದೇನ್ರಿ?"

ಆಗುತ್ತದೆ ಎಂದುಬಿಟ್ಟೆ. ರಾಣೆಬೆನ್ನೂರಿನಲ್ಲಿ ದಪ್ಪ ಗಾಜಿನ ಪೆಟ್ಟಿಗೆ ಮಾಡಿಸಿ, ಸಂದಿಗಳಿಗೆ ಡಾಂಬರು ಮೆತ್ತಿ, ಮುಚ್ಚಳಕ್ಕೆ ಸೈಕಲ್ ಟ್ಯೂಬು ಬಿಗಿದೆ. ಕ್ಯಾಮೆರಾದ ಗುಂಡಿ ಒತ್ತುವ ತಂತಿಯನ್ನು ತೂತಿನಿಂದ ಹೊರಗೆಳೆದು ಮೇಣ ತುಂಬಿದೆ. ಮುಳುಗಲೆಂದು ಎರಡು ತೂಕದ ಕಲ್ಲು ಕಟ್ಟಿದೆ. ರೀಲು ಸುತ್ತಲು ಪೆಟ್ಟಿಗೆಯನ್ನು ಮೇಲೆ ತಂದು ತೆರೆಯಲೇಬೇಕು. ಒಂದು ಸಲ ಮುಳುಗಿದರೆ ಒಂದೇ ಫೋಟೋ.

ನನಗೆ ಈಜು ಬಾರದು. ಬಾವಿಗೆ ಬಿದ್ದ ಕೊಡ, ಪಂಪಿನ ಸಾಮಾನು ತೆಗೆದುಕೊಡುತ್ತಿದ್ದ ಮುಸ್ಲಿಂ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದರು. ಅವರನ್ನು ಚಾಚಾ ಎನ್ನುತ್ತಿದ್ದೆ. ಅವರೇ ಒಪ್ಪಿದರು.

ಬಿಸಿಲು ನೆತ್ತಿಗೇರಿದಾಗ ಇಂಜಿನಿಯರೂ ಸೇರಿ ಮೂವರೂ ಕೆರೆಗೆ ಹೋದೆವು. ಆ ಮಗ್ಗುಲಿಗೆ ಎಮ್ಮೆಗಳೂ ಇಳಿಯುವುದನ್ನು ಬಿಟ್ಟಿದ್ದವಂತೆ. ತೂಬಿನ ಮೇಲೆ ನೀರು ಸದ್ದಿಲ್ಲದೆ ಸಣ್ಣಗೆ ಸುತ್ತುತ್ತಿತ್ತು. ಚಾಚಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಪೆಟ್ಟಿಗೆ ಹಿಡಿದು ಎರಡು ಸಲ ಮುಳುಗಿ ಬಂದರು. ಎರಡನೆಯ ಸಲ ಅವರ ತುಟಿ ಬೆಳ್ಳಗಾಗಿತ್ತು.

"ಸಾಕು ತಮ್ಮಾ. ಒಳಗ ಏನೋ ಕಾಲು ಜಗ್ಗಾಕತ್ತೈತಿ."

"ಒಂದ ಒಂದು ಚಾಚಾ. ಆ ಎರಡೂ ಫೋಟೋ ಅಲ್ಲಾಡಿದ್ರ ಏನ್ ಮಾಡೂದು?"

ನನ್ನ ಮುಖ ನೋಡಿದರು. ಪೆಟ್ಟಿಗೆ ಇಸಿದುಕೊಂಡು ಮುಳುಗಿದರು.

ಹಗ್ಗ ನನ್ನ ಕೈಯಿಂದ ಸರ್ರನೆ ಜಾರಿತು, ಆಮೇಲೆ ಬಿಗಿದು ನಿಂತಿತು. ಜಗ್ಗಿದರೆ ಕಲ್ಲಿಗೆ ಕಟ್ಟಿದ ಹಾಗೆ. ಇಂಜಿನಿಯರೂ ಕೈಹಾಕಿದರು. ಎಷ್ಟು ಹೊತ್ತೋ ತಿಳಿಯದು. ಒಮ್ಮೆಲೇ ಸಡಿಲಾಗಿ ಚಾಚಾ ಮೇಲೆ ಬಂದರು. ಬಲಗಾಲಿನ ಚರ್ಮ ಮೊಣಕಾಲಿನಿಂದ ಕೆಳಗೆ ಸುಲಿದು ಹೋಗಿತ್ತು. ಪೆಟ್ಟಿಗೆಯನ್ನು ಮಾತ್ರ ಎದೆಗೆ ಅವುಚಿಕೊಂಡಿದ್ದರು.

ಅವರನ್ನು ಹಾವೇರಿಯ ದವಾಖಾನೆಗೆ ಸೇರಿಸಿ ಬಂದು ರೀಲು ತೊಳೆದೆ. ಮೊದಲನೆಯದು ಬರೀ ಮಸುಕು. ಎರಡನೆಯದರಲ್ಲಿ ಎಲ್ಲವೂ ಇತ್ತು: ತೂಬಿನ ಪಕ್ಕದ ಕಲ್ಲುಗಳು ಕಿತ್ತು ಹೋಗಿ, ಮನುಷ್ಯನ ತಲೆ ಹಿಡಿಸುವಷ್ಟು ಕಪ್ಪು ತೂತು ಬಿದ್ದಿತ್ತು, ಸುತ್ತಲಿನ ಜೊಂಡೆಲ್ಲ ಅದರೊಳಕ್ಕೇ ಬಾಗಿತ್ತು. ಮೂರನೆಯದು ಬರೀ ಕೆಸರು.

ಫೋಟೋ ನೋಡಿದ ಕೂಡಲೇ ಮೇಲಧಿಕಾರಿಗಳು ಕೋಡಿ ಒಡೆಸಿದರು, ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿದರು. ನೀರು ಪೂರ್ತಿ ಇಳಿಯುವ ಮೊದಲೇ, ನಾಲ್ಕನೆಯ ದಿನ ಒಡ್ಡು ಕುಸಿಯಿತು. ಬೆಳೆ ಹೋಯಿತು, ಜನ ಉಳಿದರು.

ದವಾಖಾನೆಯಲ್ಲಿ ಚಾಚಾ ಕೇಳಿದರು: "ಮೂರನೇದು ಚಲೋ ಬಂತೇನ ತಮ್ಮಾ?"

"ಬಂತ ಚಾಚಾ. ಅದ ಕೆಲಸಕ್ಕ ಬಂತು."

ಅವರು ಕುಂಟುತ್ತಲೇ ಬಹಳ ವರ್ಷ ಬದುಕಿದರು. ನನಗೆ ನಿಜ ಹೇಳಲಾಗಲಿಲ್ಲ.