ಆಂಬ್ರೋಸನಿಗೆ ಬಾರಿಸುತ್ತಿದ್ದ ರಾಗ

ಬೆಳಗಿನಿಂದ ಲೊರೀನ್ ಹಾಸ್ಕಾಂಪಳ ಕೈ ಒಂದು ಕಡೆ ನಿಂತಿರಲಿಲ್ಲ. ಕಾಫಿ ಲೋಟದ ಅಂಚು, ಅಡುಗೆಮನೆಯ ಮೇಜು, ಕೋಟಿನ ಗುಂಡಿಗಳು, ಸಿಕ್ಕಿದ್ದೆಲ್ಲದರ ಮೇಲೂ ಬೆರಳುಗಳು ತಾವಾಗಿಯೇ ಓಡಾಡುತ್ತಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಆಂಬ್ರೋಸ್ ವೊಂಡ್ರಾಚೆಕ್‌ನ ಶವಪೆಟ್ಟಿಗೆ ಚರ್ಚಿಗೆ ಬರಲಿತ್ತು. ಪೂಜೆ ಮುಗಿದು ಅದು ಹೊರಗೆ ಹೋಗುವಾಗ ಆರ್ಗನ್ನಿನಲ್ಲಿ ಏನು ಬಾರಿಸಬೇಕೆಂದು ಅವಳು ಇನ್ನೂ ನಿರ್ಧರಿಸಿರಲಿಲ್ಲ.

ಹಿಂದಿನ ದಿನ, ಅಂತಿಮದರ್ಶನದ ಸಾಲಿನಲ್ಲಿ, ಆಂಬ್ರೋಸನ ಹೆಂಡತಿ ಮಿಲಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಅವ್ರು ಬ್ಯಾಟ್ ಹಿಡ್ಕೊಂಡು ಬರೋವಾಗೆಲ್ಲ ನೀನೊಂದು ಬಾರಿಸ್ತಿದ್ಯಲ್ಲ, ಅದನ್ನೇ ಬಾರಿಸೇ. ಬೇರೆ ಏನೂ ಬೇಡ ನಂಗೆ."

ಲೊರೀನ್ ತಲೆಯಾಡಿಸಿ ಬಂದಿದ್ದಳು. ಆದರೆ ಅಂಥದೊಂದು ರಾಗವೇ ಇರಲಿಲ್ಲ.

ಅಮೆರಿಕದ ಅಯೋವಾದ ಆ ನದೀತೀರದ ಊರಿನಲ್ಲಿ ಎಷ್ಟೋ ವರ್ಷಗಳ ಹಿಂದೆ ಮರದ ಹಲಗೆಗಳ ಆಸನಗಳಿದ್ದ ಆಟದ ಮೈದಾನವಿತ್ತು. ಆಗಷ್ಟೇ ಇಪ್ಪತ್ತು ತುಂಬಿದ್ದ ಲೊರೀನ್ ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು, ಸಂಜೆಗಳಲ್ಲಿ ಮೈದಾನದ ಆರ್ಗನ್ನಿನಲ್ಲಿ ಬೇಸ್‌ಬಾಲ್ ಆಟಕ್ಕೆ. ಮೈದಾನದ ಸ್ವರಗಳು ದೇವರ ಮುಂದೆ ನುಸುಳದಂತೆ ನೋಡಿಕೊಳ್ಳಬೇಕೆಂದು ಅಂದಿನ ಪಾದ್ರಿ ಅವಳನ್ನು ಕಿಚಾಯಿಸುತ್ತಿದ್ದರು. ತಂಡದ ಒಬ್ಬೊಬ್ಬ ಆಟಗಾರನಿಗೂ, ಅವನು ಬ್ಯಾಟು ಹಿಡಿದು ಬರುವಾಗ ಬಾರಿಸಲೆಂದು, ಅವಳು ಒಂದೊಂದು ರಾಗ ಕಟ್ಟಿಕೊಟ್ಟಿದ್ದಳು. ಆಂಬ್ರೋಸನಿಗೆ ಯಾವುದೆಂದು ಯೋಚಿಸುತ್ತಿದ್ದ ದಿನವೇ ಅವನು ಏಣಿ ಹತ್ತಿ, ಮೈದಾನದ ಮೇಲೆ ಆರ್ಗನ್ ಇಟ್ಟಿದ್ದ ಅವಳ ಗೂಡಿಗೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ನಾನು ಬರೋವಾಗ ಏನೂ ಬಾರಿಸ್ಬೇಡಿ," ಎಂದ. "ಎದುರಿಗೆ ಚೆಂಡು ಎಸೆಯೋನೂ ನಮ್ಮಂಥ ಹುಡುಗನೇ. ಅವನಿಗೂ ಕೈ ನಡುಗ್ತಿರುತ್ತೆ. ನೀವೂ ಸೇರ್ಕೊಂಡ್ರೆ ಇಬ್ರು ಸೇರಿ ಒಬ್ಬನ್ನ ಹೊಡೆದ ಹಾಗಾಗುತ್ತೆ."

ತಮಾಷೆಯೆಂದುಕೊಂಡು ಅವಳು ನಕ್ಕಳು. ಅವನು ನಗಲಿಲ್ಲ. ಇಳಿಯುವ ಮುಂಚೆ ಇನ್ನೊಂದು ಮಾತು ಸೇರಿಸಿದ: ಇದನ್ನು ಯಾರಿಗೂ ಹೇಳುವುದು ಬೇಡ, ದೊಡ್ಡಸ್ತಿಕೆ ಅಂದುಕೊಳ್ಳುತ್ತಾರೆ. ಲೊರೀನ್ ಮಾತು ಕೊಟ್ಟಳು.

ಅಂದಿನಿಂದ ಅವನು ಬ್ಯಾಟು ಹಿಡಿದು ಬರುವಾಗಲೆಲ್ಲ ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕುಳಿತುಬಿಡುತ್ತಿದ್ದಳು. ಬೆರಳುಗಳು ತುರಿಸುತ್ತಿದ್ದವು. ಅವನು ಬ್ಯಾಟಿನಿಂದ ಬೂಟಿನ ಮಣ್ಣು ಕುಟ್ಟಿ ಉದುರಿಸುವ ಸದ್ದು, ಮುಂದಕ್ಕೆ ಬಾಗಿದ ಜನರ ಭಾರಕ್ಕೆ ಹಲಗೆಗಳು ಕಿರುಗುಟ್ಟುವ ಸದ್ದು, ನದಿಯಲ್ಲೆಲ್ಲೋ ಒಂದು ದೋಣಿಯ ಎಂಜಿನ್ನು. ಅಷ್ಟೇ.

ಅವನು ಕ್ಯಾಚರ್, ಎದುರು ತಂಡದವರು ಹೊಡೆಯುವಾಗ ಅವರ ಬೆನ್ನಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವವನು. ಒಂದು ಬೇಸಿಗೆ ದೊಡ್ಡ ಲೀಗಿನವರು ಕರೆದೊಯ್ದಿದ್ದರು. ಚಳಿ ಬೀಳುವ ಮುಂಚೆ ತಿರುಗಿ ಬಂದವನನ್ನು ಅಲ್ಲಿ ಹೇಗಿತ್ತೆಂದು ಊರೆಲ್ಲ ಮುತ್ತಿಕೊಂಡಾಗ, ಹೋಟೆಲಿನಲ್ಲಿ ಹಾಸಿಗೆಯ ಹೊದಿಕೆಗಳನ್ನು ದಿನವೂ ಬದಲಾಯಿಸುತ್ತಾರೆ ಎಂದಷ್ಟೇ ಹೇಳಿದ. ಚಳಿಗಾಲವಿಡೀ ಕಾರ್ಖಾನೆಯಲ್ಲಿ ನದಿಯ ಕಪ್ಪೆಚಿಪ್ಪುಗಳಿಂದ ಬಟ್ಟೆಯ ಗುಂಡಿಗಳನ್ನು ಕೊರೆದು ತೆಗೆಯುವ ಕೆಲಸ. ಚೆಂಡಿನ ಏಟಿಗೆ ಮುರಿದು ಕೂಡಿಕೊಂಡ ಬೆರಳುಗಳು ಶುಂಠಿಯ ಗೆಣ್ಣುಗಳಂತಾಗಿ, ಗುಂಡಿ ಮಾಡುವವನಿಗೇ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲಾಗುತ್ತಿರಲಿಲ್ಲ. ದಿನವೂ ಮಿಲಿಯೇ ಹಾಕುತ್ತಿದ್ದಳು. ಅವನು ಗದ್ದ ಎತ್ತಿ ನಿಲ್ಲುತ್ತಿದ್ದ. ಮೊನ್ನೆಯೂ ಶವಸಂಸ್ಕಾರದವರನ್ನು ಪಕ್ಕಕ್ಕೆ ಸರಿಸಿ, ಕೊರಳಿನ ಗುಂಡಿಯವರೆಗೆ ಅವಳೇ ಹಾಕಿದ್ದಳಂತೆ.

ವಿಚಿತ್ರವೆಂದರೆ, ಇಲ್ಲದ ಆ ರಾಗ ಈಗ ಇಡೀ ಊರಿಗೆ ನೆನಪಿತ್ತು. ಅದು ಪೋಲ್ಕಾ ಕುಣಿತದ ರಾಗವೆಂದು ಕ್ಷೌರಿಕ ಕ್ಲೆಮ್ ಕತ್ತರಿಯಲ್ಲೇ ತಾಳ ಹಾಕಿ ಗುನುಗಿ ತೋರಿಸಿದ. ಅವನ ಅಕ್ಕ, ಅದು ವಾಲ್ಟ್ಜ್ ಕುಣಿತದ್ದು ಅಲ್ಲವೆಂದರೆ ತನ್ನ ಕಿವಿ ಕತ್ತರಿಸಿಕೊಡುವೆನೆಂದಳು. ಆಂಬ್ರೋಸನ ಅಳಿಯ ಡೇಲ್ ಅಂತೂ ಆಟದ ರಾಗವನ್ನು ಚರ್ಚಿನಲ್ಲಿ ಬಾರಿಸಲು ಪಾದ್ರಿಯವರನ್ನೂ ಒಪ್ಪಿಸಿಯಾಗಿತ್ತು.

"ಮಿಸೆಸ್ ಹಾಸ್ಕಾಂಪ್, ಆಟದಲ್ಲಿ ಜನರನ್ನ ಹುರಿದುಂಬಿಸೋ ಆ ಕಹಳೆ ಥರದ್ದು ಬಾರಿಸಿಬಿಡಿ," ಎಂದ ಅವನು, ಚರ್ಚಿನ ಮೆಟ್ಟಿಲಲ್ಲಿ ಅವಳನ್ನು ಅಡ್ಡಗಟ್ಟಿ. "ಜನ ಒಟ್ಟಿಗೆ ಒಂದ್ಸಲ ಕೂಗ್ಲಿ. ನಮ್ಮ ಮಾವ ಏನು ಸಾಮಾನ್ಯದೋರಾ?"

ಸಾಮಾನ್ಯನಾಗಿರುವುದಕ್ಕೇ ಆಂಬ್ರೋಸ್ ಪಟ್ಟ ಪಾಡನ್ನು ಈತನಿಗೆ ಹೇಗೆ ತಿಳಿಸುವುದು? ಹೇಳಿದರೆ ಕೊಟ್ಟ ಮಾತು ಮುರಿಯುತ್ತದೆ. ಬಾರಿಸಿದರೂ ಮುರಿಯುತ್ತದೆ. ಬಾರಿಸದಿದ್ದರೆ, ತನ್ನ ಗಂಡನ ರಾಗವನ್ನು ಇವಳು ಮರೆತೇಬಿಟ್ಟಳೆಂದು ಮಿಲಿ ತಿಳಿಯುತ್ತಾಳೆ. ಲೊರೀನ್ ಚರ್ಚಿನ ಆರ್ಗನ್ ಇದ್ದ ಅಟ್ಟಣೆಗೆ ಹತ್ತಿ ಕುಳಿತಳು, ಎದ್ದಳು, ಹಾಳೆಗಳನ್ನು ಜೋಡಿಸಿದಳು, ಮತ್ತೆ ಕೆದರಿದಳು. ಪೂಜೆಯ ನಡುವೆ ಒಂದು ಕೀರ್ತನೆಯನ್ನು ಎಷ್ಟು ಅವಸರದಲ್ಲಿ ನುಡಿಸಿದಳೆಂದರೆ ಹಾಡುವವರು ಒಂದು ಸಾಲು ಹಿಂದೆ ಬಿದ್ದರು.

ಕೊನೆಗೆ ಪೆಟ್ಟಿಗೆ ಬಾಗಿಲಿನತ್ತ ತಿರುಗಿತು. ಕೆಳಗಿನಿಂದ ಡೇಲ್ ಹೆಬ್ಬೆರಳೆತ್ತಿ ಸನ್ನೆ ಮಾಡಿದ. ಅವಳ ಬೆರಳುಗಳು ಕಹಳೆಯ ಮೊದಲ ಸ್ವರದ ಮೇಲೆ ಹೋಗಿ ಕುಳಿತೇಬಿಟ್ಟವು. ಒತ್ತುವುದೊಂದೇ ಬಾಕಿ.

ಅವಳು ಕೈಗಳನ್ನು ಎಳೆದುಕೊಂಡು ತೊಡೆಯ ಕೆಳಗೆ ತುರುಕಿದಳು.

ಪೆಟ್ಟಿಗೆಯ ಗಾಲಿಗಳು ಉರುಳುವುದು ಕೇಳಿಸಿತು. ಯಾರೋ ಕೆಮ್ಮಿದರು. ಗುನುಗಲು ಬಾಯಿ ತೆರೆದಿದ್ದ ಕ್ಲೆಮ್ ಹಾಗೆಯೇ ಮುಚ್ಚಿಕೊಂಡ. ಡೇಲ್ ಮೇಲೆ ನೋಡುತ್ತ ಕೈ ಬೀಸತೊಡಗಿದ. ಎಲ್ಲಿ ಹೋಯಿತು ಸ್ವರವೆಂದು ಜನ ಒಬ್ಬೊಬ್ಬರಾಗಿ ಮುಂದಕ್ಕೆ ಬಾಗಿದರು, ಹಳೆಯ ಬೆಂಚುಗಳು ಸಾಲುಸಾಲಾಗಿ ಕಿರುಗುಟ್ಟಿದವು. ಮಿಲಿ ತಟ್ಟನೆ ನಿಂತು, ಬೀಸುತ್ತಿದ್ದ ಅಳಿಯನ ಕೈಯನ್ನು ಹಿಡಿದು ಕೆಳಗಿಳಿಸಿದಳು. ಮೇಲಿನಿಂದ ಅವಳ ಕಪ್ಪು ಟೋಪಿಯ ಹೊರತು ಏನೂ ಕಾಣುತ್ತಿರಲಿಲ್ಲ. ಅವಳು ಸಿಟ್ಟಾದಳೋ ಅತ್ತಳೋ ಲೊರೀನಳಿಗೆ ತಿಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಆರ್ಗನ್ ಕೈಕೊಟ್ಟಿತೇ ಎಂದು ಕೇಳುತ್ತ ಬಂದ ಡೇಲ್‌ಗೆ ಲೊರೀನ್ ಏನೋ ತೊದಲಿದಳು. ಕಾಗದದ ತಟ್ಟೆಯಲ್ಲಿದ್ದ ಜಾಮಿನ ಬನ್ನನ್ನು ತಿನ್ನದೆ ಚೂರುಚೂರು ಮಾಡುತ್ತ ಕುಳಿತಿದ್ದಳು. ಮಿಲಿ ಬಂದು ಪಕ್ಕದ ಕುರ್ಚಿ ಎಳೆದು ಕೂತಳು. ಆಮೇಲೆ ಚೂರು ಮಾಡುತ್ತಿದ್ದ ಆ ಕೈಗಳ ಮೇಲೆ ತನ್ನ ಕೈಯಿಟ್ಟಳು.

"ನಾನು ಕೇಳಿದ್ದು ಅದೇ ಕಣೇ," ಎಂದಳು. "ಇವತ್ತು ಸ್ವಲ್ಪ ನಿಧಾನವಾಗಿ ಬಾರಿಸ್ದೆ ಅನ್ನಿಸ್ತು."

ಲೊರೀನ್ ಅವಳ ಮುಖ ನೋಡಿದಳು. ಅಲ್ಲಿ ನಗುವಿರಲಿಲ್ಲ.

"ವಯಸ್ಸಾಯ್ತಲ್ಲ ಮಿಲಿ," ಎಂದಳು. "ಕೈ ಮೊದ್ಲಿನ ಹಾಗೆ ಓಡಲ್ಲ."