ಹೆಸರು ಹೇಳದೆ ನೋಡಿದ ಕಲ್ಯಾಣ

ಮಧ್ಯಾಹ್ನ ಕೊನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿರುವಾಗ ನಾನು ಹಿತ್ತಲ ಬಾಗಿಲಿಗೆ ಬಂದು ನಿಮ್ಮನ್ನು ಊಟಕ್ಕೆ ಕರೆಯುತ್ತೇನಲ್ಲ, ಆಗ ಶಾಂತಾ ಎಂದು ಕೂಗುತ್ತೇನೆ, ಕಾಶೀನಾಥ ಎಂದು ಕೂಗುತ್ತೇನೆ, ಆದರೆ ನಿಮ್ಮಲ್ಲಿ ಎಲ್ಲರಿಗಿಂತ ದೊಡ್ಡವನನ್ನು ಮಾತ್ರ ಹಿತ್ತಾಳೆಯ ತಾಟು ಬಾರಿಸಿ ಕರೆಯುತ್ತೇನೆ. ಮೊನ್ನೆ ಅವನು ಮುನಿಸಿಕೊಂಡು, "ನಾ ಏನು ಕೋಳಿ ಏನ್, ಆಯಿ? ಎಲ್ಲಾರಿಗೂ ಹೆಸರು, ನನಗೊಬ್ಬಗ ತಾಟು!" ಎಂದ. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಉತ್ತರ ಮಾತ್ರ ಹೇಳಲಿಲ್ಲ. ನಾಲ್ಕು ಜನರೆದುರು ಬಾಯಿ ಬಿಡಲು ನನಗೆ ಮೊದಲಿನಿಂದಲೂ ನಾಚಿಕೆ. ಆದ್ದರಿಂದ ನೀವು ಶಾಲೆಗೆ ಹೋದ ಹೊತ್ತಿನಲ್ಲಿ, ನನ್ನ ತವರು ರಾಜೇಶ್ವರದ ಮಠದಲ್ಲಿ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ ಅಕ್ಷರಗಳನ್ನೇ ನಂಬಿಕೊಂಡು ಇದನ್ನು ಬರೆಯುತ್ತಿದ್ದೇನೆ.

ದೊಡ್ಡವನಿಗೆ ನಿಮ್ಮಜ್ಜನ ಹೆಸರಿಟ್ಟಿದ್ದಾರೆ. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಂದ ಆಡಬಾರದು, ಆಡಿದರೆ ಆಡಿದಷ್ಟು ಅವನ ಆಯುಷ್ಯ ಸವೆಯುತ್ತದೆ ಎಂಬುದನ್ನು ನನಗೆ ಯಾರೂ ಕೂಡಿಸಿಕೊಂಡು ಕಲಿಸಲಿಲ್ಲ. ಉಪ್ಪು ತುಳಿಯಬಾರದು ಎಂಬುದು ಹೇಗೆ ಗೊತ್ತಾಯಿತೋ ಹಾಗೆಯೇ ಗೊತ್ತಾಯಿತು. ಹೆಸರು ದೀಪದ ಎಣ್ಣೆಯಿದ್ದಂತೆ, ನಾಲಿಗೆಗೆ ತಾಕಿದಷ್ಟೂ ಇಳಿಯುತ್ತದೆ ಎಂದು ನನ್ನವ್ವ ಹೇಳುತ್ತಿದ್ದಳು. ಒಡಪಿನಲ್ಲಿ ಮಾತ್ರ ರಿಯಾಯಿತಿ. ಮದುವೆಯಾಗಿ ಹೊಸ್ತಿಲು ದಾಟುವಾಗ ಹೆಂಗಸರು ದಾರಿ ಅಡ್ಡಗಟ್ಟಿ ನಿಲ್ಲುತ್ತಾರೆ, ಪ್ರಾಸ ಹಾಕಿ ಅದರೊಳಗೆ ಗಂಡನ ಹೆಸರು ಹುದುಗಿಸಿ ಹೇಳಿದರೆ ಒಳಗೆ ಬಿಡುತ್ತಾರೆ. ನಾನೂ ಹುಮನಾಬಾದಿನ ಈ ಹೊಸ್ತಿಲಲ್ಲಿ ತಲೆ ತಗ್ಗಿಸಿ ಒಂದು ಒಡಪು ಹೇಳಿದ್ದೆ. ಅದೊಂದೇ ನನಗೆ ಬರುತ್ತಿದ್ದದ್ದು.

ನಿಮ್ಮಜ್ಜ ತೊಗರಿಬೇಳೆಯ ಗಾಡಿ ಹೂಡಿಕೊಂಡು ಕಲ್ಯಾಣಿಗೆ ಹೋಗುತ್ತಿದ್ದರು. ಈಗ ನೀವು ಬಸವಕಲ್ಯಾಣ ಎನ್ನುವ ಊರನ್ನು ನಾವು ಆಗ ಹಾಗೆ ಕರೆಯುತ್ತಿದ್ದೆವು. ಹಿಂದಿರುಗಿದ ದಿನ ಕೈಕಾಲು ತೊಳೆದು ಕುಳಿತರೆಂದರೆ ಕಲ್ಯಾಣಿಯೇ ನಮ್ಮ ಪಡಸಾಲೆಗೆ ಬಂದು ಕುಳಿತಂತೆ. ಅಲ್ಲಿಯ ಬಜಾರಿನಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಅತ್ತರಿನ ಅಂಗಡಿಯಿಂದ ಬೇಳೆಯ ಅಂಗಡಿಗೆ ಮೂಗೇ ದಾರಿ ತೋರಿಸುತ್ತದಂತೆ; ಕುಂಬಾರ ಓಣಿಯಲ್ಲಿ ಇಡೀ ಓಣಿಯೇ ಒಂದು ಗಡಿಗೆಯಂತೆ ಗುಂಯ್‌ಗುಡುತ್ತದಂತೆ; ಅರಸರ ಅರಮನೆಯ ಕಲ್ಲಿಲ್ಲದ ಮನೆಯೇ ಅಲ್ಲಿಲ್ಲವಂತೆ. "ನಿನಗೂ ಒಮ್ಮೆ ತೋರಸ್ತೀನಿ, ಓಣಿ ಓಣಿ ತಿರಗಸ್ತೀನಿ" ಎನ್ನುತ್ತಿದ್ದರು. ಕೂಸು ಸಣ್ಣದು, ಮಾವನವರಿಗೆ ಕಣ್ಣಿಲ್ಲ, ಹೊಲದಲ್ಲಿ ಕೆಲಸ ಎನ್ನುತ್ತ ಆ ಒಮ್ಮೆ ಬರಲೇ ಇಲ್ಲ.

ರಜಾಕಾರರ ಗಲಾಟೆ ಜೋರಾಗಿದ್ದ ವರ್ಷ, ಗೋರ್ಟಾದಲ್ಲಿ ಅವರು ಮಂದಿಯನ್ನು ಕೊಂದ ಸುದ್ದಿ ಕೇಳಿ ಊರೂರೇ ಬಾಗಿಲು ಹಾಕಿಕೊಂಡಿದ್ದಾಗ, ಪಂಚಮಿಗೆ ಮುಂಚೆ, ಮನೆಯಲ್ಲಿ ಕಾಳಿಗೂ ಎಣ್ಣೆಗೂ ತೊಂದರೆಯಾಯಿತೆಂದು ಅವರು ಗಾಡಿ ಹೂಡಿದರು. ಬೇಡವೆಂದರೂ ಕೇಳಲಿಲ್ಲ. ಗಾಡಿಯೂ ಬರಲಿಲ್ಲ, ಎತ್ತುಗಳೂ ಬರಲಿಲ್ಲ. ಆಮೇಲೆ ದಿಲ್ಲಿಯ ಫೌಜು ಬಂತು, ನಿಜಾಮರ ಬಾವುಟ ಇಳಿಯಿತು. ಮಂದಿ ಗುಲಾಲು ಎರಚಿದರು. ನಮ್ಮ ಮನೆಯ ಅಂಗಳದಲ್ಲಿ ಗುಲಾಲು ಬೀಳಲಿಲ್ಲ.

ಎಳ್ಳಮಾಸಿ ಕಳೆದ ಮೇಲೆ ನಾನೇ ಹೊರಟೆ. ಹೋಗಬಲ್ಲ ಗಂಡಸರು ಮನೆಯಲ್ಲಿರಲಿಲ್ಲ. ಮೈದುನ ತಲೆ ತಪ್ಪಿಸಿಕೊಂಡು ಸೋಲಾಪುರದ ಕಡೆ ಹೋದವನು ಇನ್ನೂ ತಿರುಗಿ ಬಂದಿರಲಿಲ್ಲ. ಅವನ ಹೆಂಡತಿ, ನನ್ನ ನೆಗೆಣ್ಣಿ ಗುರವ್ವ, ಜೊತೆಗೆ ಬಂದಳು. ಗುರವ್ವನ ಬಾಯಿಗೆ ಊರೇ ಹೆದರುತ್ತಿತ್ತು, ಆದ್ದರಿಂದ ನನಗೆ ಧೈರ್ಯ. ಕಲ್ಯಾಣಿಯಲ್ಲಿ ಮೋಟಾರು ಇಳಿದು, ಕೋಟೆಯ ಕರಿಗೋಡೆಗಳನ್ನು ತಲೆಯೆತ್ತಿ ನೋಡಿ, ಇದೇ ಅಲ್ಲವೇ ಅವರು ಹೇಳುತ್ತಿದ್ದ ಕೋಟೆ ಎಂದುಕೊಳ್ಳುವಾಗಲೂ ನಮ್ಮಿಬ್ಬರಿಗೂ ಒಂದು ಸಂಗತಿ ಹೊಳೆದಿರಲಿಲ್ಲ: ಹೆಂಡತಿ ಗಂಡನ ಹೆಸರು ಹೇಳಬಾರದು, ತಮ್ಮನ ಹೆಂಡತಿ ಭಾವನ ಹೆಸರು ಹೇಳಬಾರದು. ಒಬ್ಬ ಮನುಷ್ಯನನ್ನು ಹುಡುಕಲು ಅವನ ಹೆಸರು ಹೇಳಲಾಗದ ಇಬ್ಬರು ಹೊರಟು ಬಂದಿದ್ದೆವು.

ಅದು ಹೊಳೆದದ್ದು ಬೇಳೆಯ ಅಂಗಡಿಯಲ್ಲಿ. ಅವರು ಹೇಳಿದ್ದು ನಿಜ, ಮೂಗೇ ದಾರಿ ತೋರಿಸಿತು. ಸಾಹುಕಾರ ಗಾದಿಯ ಮೇಲಿಂದಲೇ ಕೇಳಿದ: "ಹೆಸರೇನ್ರಿ ನಿಮ್ಮ ಯಜಮಾನ್ರದು?"

ನಾನು ಗುರವ್ವನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

"ಹುಮನಾಬಾದದವರ್ರಿ. ಎತ್ತರದ ಆಳು. ಬಲಗಿವಿ ಹತ್ರ ಮಚ್ಚಿ ಅದ" ಎಂದಳು ಗುರವ್ವ.

"ಮಚ್ಚಿ ಹೆಸರು ಹೇಳಿ ಲೆಕ್ಕ ಬರೀಲೇನು ನಾ? ಹೆಸರು ಹೇಳ್ರಿ."

ನಾನು ಬಗ್ಗಿ ಕಟ್ಟೆಯ ಧೂಳಿನಲ್ಲಿ ಬೆರಳಿನಿಂದ ಬರೆದೆ. ಬರೆದರೆ ಬಾಯಿಂದ ಆಡಿದಂತಲ್ಲ. ಸಾಹುಕಾರ ಕತ್ತು ಚಾಚಿ ನೋಡಿದ. ಅವನಿಗೆ ಉರ್ದು ಬರುತ್ತಿತ್ತು, ಮರಾಠಿಯ ಮೋಡಿ ಲಿಪಿ ಬರುತ್ತಿತ್ತು, ನನ್ನ ಮಠದ ಕನ್ನಡ ಬರುತ್ತಿರಲಿಲ್ಲ. "ಇದೇನು ರಂಗೋಲಿ ಹಾಕಾಕತ್ತೀರಿ ನನ್ನ ಕಟ್ಟಿ ಮ್ಯಾಲೆ?" ಎಂದ. ಆಗ ಗುರವ್ವ ಬುದ್ಧಿ ಓಡಿಸಿ, "ಲಡಾಯಿ ಅಂತೀರಲ್ರಿ, ಅದಕ್ಕ ಪುರಾಣದಾಗ ಏನಂತಾರ? ಅದರ ಮುಂದ ಒಂದು ಅಪ್ಪ ಹಚ್ರಿ" ಎಂದಳು. ಸಾಹುಕಾರನ ಮುಖ ಬಿಳಿಚಿತು. ಆಚೀಚೆ ನೋಡಿ, "ತಾಯಿ, ಕೈ ಮುಗೀತೀನಿ. ಲಡಾಯಿ ಗಿಡಾಯಿ ಮಾತು ನನ್ನ ಅಂಗಡಿ ಮುಂದ ಎತ್ತಬ್ಯಾಡ್ರಿ, ಈಗಷ್ಟ ಬಾಗಿಲ ತಗದೀನಿ" ಎಂದು ಎದ್ದೇ ಹೋದ.

ಹೀಗೆ ನಾವು ಕಲ್ಯಾಣಿಯನ್ನು ನೋಡಿದೆವು, ಮಕ್ಕಳೇ, ಓಣಿ ಓಣಿ, ಅವರು ಮಾತು ಕೊಟ್ಟಂತೆಯೇ. ಕುಂಬಾರ ಓಣಿ ಗುಂಯ್‌ಗುಡುತ್ತಿರಲಿಲ್ಲ, ತಿಗರಿಗಳು ನಿಂತಿದ್ದವು. ದರ್ಗಾದ ಮೊಹಲ್ಲಾದಲ್ಲಿ ಜಗಲಿಯ ಮೇಲೆ ಜಪಮಣಿ ಎಣಿಸುತ್ತಿದ್ದ ಮುದುಕರೊಬ್ಬರು ಕಣ್ಣಲ್ಲೇ ಏನೆಂದು ಕೇಳಿದರು. ಗುರವ್ವ ತನಗೆ ತಿಳಿದ ದಖನಿ ಉರ್ದುವಿನಲ್ಲಿ, ಎರಡೂ ಕೈ ಹೊಡೆದಾಡಿಸಿ ತೋರಿಸುತ್ತ, "ಜಂಗ್, ಚಾಚಾ, ಜಂಗ್!" ಎಂದುಬಿಟ್ಟಳು. ಮುದುಕರು ಎದ್ದ ರಭಸಕ್ಕೆ ಜಪಮಾಲೆ ಕೆಳಗೆ ಬಿತ್ತು. ಒಳಗಿನಿಂದ ಅಗಳಿ ಹಾಕಿದ ಸದ್ದಾಯಿತು. ಬಳಿಕ ಪಕ್ಕದ ಮನೆಯ ಅಗಳಿ, ಅದರಾಚೆಯದು.

ನಾವು ಒಂದು ಬೇವಿನ ಗಿಡದ ಕೆಳಗೆ ಕುಸಿದು ಕುಳಿತು ನಕ್ಕೆವು. ಇರುವೆ ಸಾಲಿಗೆ ಹೆಜ್ಜೆ ತಪ್ಪಿಸಿ ನಡೆಯುವ ಮನುಷ್ಯನಿಗೆ ಇಂಥ ಹೆಸರು ಯಾಕಿಟ್ಟರೋ ಎಂದು ಗುರವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅಗಳಿ ಹಾಕಿದವರನ್ನು ನಾನು ಬೈಯಲಾರೆ. ಫೌಜು ಬಂದ ಮೇಲೆ ಆ ಮೊಹಲ್ಲಾಗಳಲ್ಲಿ ಏನೇನು ನಡೆದಿತ್ತೆಂಬುದನ್ನು ಆಮೇಲೆ ಕೇಳಿದೆ. ಅವರ ಮನೆಗಳಲ್ಲೂ ಬರಬೇಕಾದವರು ಬಂದಿರಲಿಲ್ಲ.

ಬೇವಿನ ಗಿಡದ ಎದುರಿಗೆ ಒಂದು ಬಾವಿ. ಅದರ ಬದಿಗೆ ಒಬ್ಬಳು ಬಟ್ಟೆ ಒಗೆಯುತ್ತಿದ್ದಳು, ಒಗೆಯುವ ಕಲ್ಲಿನಲ್ಲಿ ಕುಣಿಯುವ ಹೆಣ್ಣೊಬ್ಬಳ ಅರ್ಧ ದೇಹವಿತ್ತು: ಡಾಬು, ಗೆಜ್ಜೆ, ಎತ್ತಿದ ಒಂದು ಕಾಲು. ಎಷ್ಟು ತಲೆಮಾರುಗಳ ಸೋಪುನೀರು ಹರಿದು ಆ ಗೆಜ್ಜೆಗಳು ನುಣ್ಣಗಾಗಿದ್ದವೋ. ನಾನು ಬಹಳ ಹೊತ್ತು ಅದನ್ನೇ ನೋಡಿದೆ. ಒಂದು ರಾಜ್ಯ ಮುರಿದುಬಿದ್ದರೆ ಮುಂದಿನವರಿಗೆ ಒಗೆಯಲು ಕಲ್ಲಾದರೂ ಸಿಗುತ್ತದೆ, ಹೊಸ್ತಿಲಿಗೆ ಚಪ್ಪಡಿಯಾದರೂ ಸಿಗುತ್ತದೆ. ಒಂದು ಮನೆ ಮುರಿದುಬಿದ್ದರೆ ಯಾರಿಗೆ ಏನು ಸಿಗುತ್ತದೆ? ಪುರಾತನ ನಗರವೆಂದು ನೀವು ಪುಸ್ತಕದಲ್ಲಿ ಓದುವಾಗ ಅದರ ವೈಭವ ನಿಮ್ಮ ಕಣ್ಣಿಗೆ ಕಟ್ಟಬಹುದು. ನನಗೆ ಅಲ್ಲಿ ಕಂಡದ್ದು ಒಂದರ ಮೇಲೊಂದು ಪೇರಿಸಿಟ್ಟ ಮುರುಕುಗಳು, ಅವುಗಳ ಮೇಲೆ ಕುಳಿತು ಇಂದಿನ ಬಟ್ಟೆ ಒಗೆಯುವ ಮನುಷ್ಯರು.

ಸಂಜೆಗೆ ಮುಂಚೆ ಬಳೆಗಾರರ ಗಲ್ಲಿಗೆ ಬಂದೆವು. ಪಂಚಮಿ ಬಂತೆಂದರೆ ಅವರು ನನಗೆ ಹಸಿರು ಬಳೆ ತರುತ್ತಿದ್ದದ್ದು ಇಲ್ಲಿಂದಲೇ. ಅರ್ಧ ಅಂಗಡಿಗಳಿಗೆ ಬೀಗ. ಒಂದೇ ಒಂದು ಕಟ್ಟೆಯ ಮೇಲೆ ವಯಸ್ಸಾದ ಬೂಬಮ್ಮ ಬಳೆಯ ಮಲಾರ ಹರಡಿಕೊಂಡು ಕುಳಿತಿದ್ದಳು. ನಾನು ಏನನ್ನೂ ಕೇಳುವ ಮೊದಲೇ ನನ್ನ ಮುಂಗೈ ಹಿಡಿದುಕೊಂಡಳು.

"ಇದೇನ ಬೇಟಿ, ಕೈಯಾಗ ನಾಕು ಬಳಿ? ಗಂಡ ಇದ್ದಾನೋ ಇಲ್ಲೋ?"

ಅಷ್ಟು ದಿನ ಯಾರೂ ಕೇಳದ ಮಾತು. ಮಾವನವರೂ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಗುರವ್ವ ಸಿಡಿದಳು: "ಬಾಯಾಗ ಹುಳ ಬೀಳಲಿ ನಿನ್ನ! ಮುತ್ತೈದಿಗೆ ಕೇಳೋ ಮಾತೇನ ಅದು?"

"ಸಿಟ್ಟಾಗಬ್ಯಾಡವ್ವ. ಇದ್ರ ಕೈ ತುಂಬಸ್ತೀನಿ, ಅದಕ್ಕ ಕೇಳಿದೆ." ಬೂಬಮ್ಮ ನನ್ನ ಬೆರಳುಗಳನ್ನು ಮೆಲ್ಲಗೆ ಕೂಡಿಸಿ ಹಿಂಡುತ್ತ ನಕ್ಕಳು. "ನನ್ನ ಕಟ್ಟಿದೊಂದು ರಿವಾಜು ಅದ. ಮೊದಲನೇ ಬಳಿ ಏರೋ ಮುಂದ ಒಡಪು ಹೇಳಬೇಕು. ಹೇಳು, ಯಾರ ಹೆಸರಿನ ಬಳಿ ಇದು?"

ಇಡೀ ಊರು ತಿರುಗಿದ ಮೇಲೆ ಹೆಸರು ಹೇಳಲು ಒಂದು ಬಾಗಿಲು ತೆರೆದಿತ್ತು, ಯಾರ ಆಯುಷ್ಯಕ್ಕೂ ಕುಂದಿಲ್ಲದ ಬಾಗಿಲು. ಹಸಿರು ಬಳೆ ಬೆರಳುಗಳನ್ನು ದಾಟಿ ಗಿಣ್ಣಿನ ಮೇಲೆ ನಿಂತಿತ್ತು. ನಾನು ಕಣ್ಣು ಮುಚ್ಚಿ, ಹೊಸ್ತಿಲಲ್ಲಿ ಹೇಳಿದ್ದನ್ನೇ ಹೇಳಿದೆ:

"ತೊಗರಿಯ ಹೊಲದಾಗ ಹಳದಿಯ ಹೂವ,
ಸಂಗ್ರಾಮಪ್ಪನವರ ಹೆಸರಾಗ ನನ್ನಯ ಜೀವ."

ಬೂಬಮ್ಮನ ಕೈ ನಿಂತಿತು. ಬಳೆ ಮುಂದೆ ಏರಲಿಲ್ಲ. ಬಳೆಗಾರರ ಧರ್ಮ ನಿಮಗೆ ಗೊತ್ತಿಲ್ಲದಿರಬಹುದು: ಬೆರಳು ದಾಟಿದ ಬಳೆಯನ್ನು ಅವರು ಎಂದೂ ಹಿಂದಕ್ಕೆ ತೆಗೆಯುವುದಿಲ್ಲ, ಕೈ ನೊಂದರೂ ಎಣ್ಣೆ ಹಚ್ಚಿ ಏರಿಸುತ್ತಾರೆ, ಒಡೆದರೆ ಮತ್ತೊಂದು ತೊಡಿಸುತ್ತಾರೆ. ಬೂಬಮ್ಮ ನನ್ನ ಮುಖವನ್ನು ನೋಡದೆ, ಬಹಳ ಮೆಲ್ಲಗೆ, ಆ ಬಳೆಯನ್ನು ಗಿಣ್ಣಿನಿಂದ ಹಿಂದಕ್ಕೆ ಎಳೆದು ಮಲಾರದಲ್ಲಿ ಇಟ್ಟಳು.

ಆಮೇಲೆ ಅವಳು ಹೇಳಿದ್ದೆಲ್ಲ ಆ ಬಳೆಯ ಹಿಂದೆ ಬಂದ ಮಾತು.

"ವರ್ಷಾ ವರ್ಷಾ ನನ್ನ ಹತ್ರನ ಒಯ್ತಿದ್ರು, ಬೇಟಿ. ನಿನ್ನ ಕೈ ಅಳತಿ ನನಗ ನಿನ್ನ ನೋಡೋದಕ್ಕಿಂತ ಮೊದಲ ಗೊತ್ತು. ಆವತ್ತೂ ಬಳಿ ಆರಿಸಿಟ್ಟು, ಗಾಡಿ ಹೂಡಿ ಬರ್ತೀನಂತ ಹೋದ್ರು. ಬಜಾರದಾಗ ದೊಂಬಿ ಎದ್ದಿತು. ತಲಿ ಹಿಡಕೊಂಡು ಇದ ಬಾಗಿಲಿಗೆ ತಿರುಗಿ ಬಂದ್ರು. ಯಾರ ಬಡಿಗಿ ಬಿತ್ತೋ ಅಲ್ಲಾಗ ಗೊತ್ತು. ನಮ್ಮ ಮನಿಯವರು ಒಳಗ ಮಲಗಿಸಿದ್ರು, ಹೊರಗ ಬೀಗ ಹಾಕಿದ್ರು. ಮರುದಿನ ಮುಂಜಾನಿ ದಾಟಲಿಲ್ಲ."

ಎದೆಯ ಮೇಲೆ ಲಿಂಗವಿತ್ತೆಂದು ಅವಳ ಗಂಡ ಗುಟ್ಟಾಗಿ ಒಬ್ಬ ಅಯ್ಯನನ್ನು ಕರೆತಂದು, ತ್ರಿಪುರಾಂತ ಕೆರೆಯ ದಂಡೆಯಲ್ಲಿ, ವಿಭೂತಿ ಪತ್ರಿ ಇಟ್ಟು ಮಣ್ಣು ಮಾಡಿಸಿದ್ದ. ಹೆಸರು ಮತ್ತು ಹುಮನಾಬಾದ್ ಕಡೆಯವರೆಂಬುದು ಬಿಟ್ಟು ಅವರಿಗೆ ಬೇರೇನೂ ಗೊತ್ತಿರಲಿಲ್ಲ, ದಾರಿಗಳು ಮುಚ್ಚಿದ್ದವು. ದಾರಿ ತೆರೆದಾಗ ಅವಳ ಗಂಡನನ್ನೇ ಯಾರೋ ಮನೆಯಿಂದ ಕರೆದುಕೊಂಡು ಹೋದರು. ಆಗ ನಾನು ಅವಳ ಕೈ ನೋಡಿದೆ. ಮಲಾರದ ತುಂಬ ಬಳೆ, ಅವಳ ಕೈ ಬರಿದು.

"ಎಲ್ಲಿ ಅಂತ ಹುಡುಕಲಿ?" ಎಂದಳು. "ಠಾಣೆದಾಗ ಹೆಸರು ಕೇಳ್ತಾರ. ನಾನೂ ಹೇಳಾಂಗಿಲ್ಲಲ್ಲ, ಬೇಟಿ."

ನನ್ನ ಕೈಯ ನಾಲ್ಕು ಬಳೆಗಳನ್ನು ನಾನು ಅವಳ ಮುಂದೆ ಚಾಚಿದೆ. ಅವಳು ಎರಡೂ ಕೈ ಹಿಂದೆ ಸರಿಸಿಕೊಂಡಳು. "ಅದು ನನ್ನಿಂದ ಆಗಾಂಗಿಲ್ಲ. ತೊಡಸೋದಷ್ಟ ನನ್ನ ಕೆಲಸ."

ಕೆರೆಯ ದಂಡೆಗೆ ಅವಳೇ ಕರೆದೊಯ್ದಳು. ಗುರುತಿಗೆಂದು ಅವಳ ಗಂಡ ಇಟ್ಟಿದ್ದದ್ದು ಒಂದು ಒಡೆದ ಕೆತ್ತನೆಯ ಕಲ್ಲು; ಅರಮನೆಯದೋ ಗುಡಿಯದೋ. ಅರಸರ ಕಲ್ಲಿಲ್ಲದ ಮನೆಯೇ ಇಲ್ಲವೆಂದು ಹೇಳುತ್ತಿದ್ದವರಿಗೂ ಒಂದು ಕಲ್ಲು ಸಿಕ್ಕಿತ್ತು. ಅಲ್ಲಿ ಕುಳಿತು ನನ್ನ ಬಳೆಗಳನ್ನು ಆ ಕಲ್ಲಿಗೆ ನಾನೇ ತಾಕಿಸಿದೆ. ನೀರು ಸುಮ್ಮನಿತ್ತು.

ಇದನ್ನು ನಾನು ಎಷ್ಟು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಇಲ್ಲದ ಆಯುಷ್ಯವೊಂದನ್ನು ತುಟಿ ಬಿಗಿದು ಕಾಯುತ್ತ, ಓಣಿಯಿಂದ ಓಣಿಗೆ ನಗೆಗೀಡಾಗುತ್ತ ತಿರುಗಿದೆನಲ್ಲ, ಖಾಲಿ ಹಣತೆಗೆ ಗಾಳಿ ತಾಗದಂತೆ ಸೆರಗು ಮರೆ ಹಿಡಿದು ನಡೆದವಳಂತೆ. ನಾನು ಹೆಸರು ಹೇಳುವುದಕ್ಕೆ ತಿಂಗಳುಗಳ ಮೊದಲೇ ಅವರು ಮಣ್ಣಾಗಿದ್ದರೆಂದು ಬುದ್ಧಿ ಹೇಳುತ್ತದೆ. ಮನಸ್ಸು ಒಪ್ಪುವುದಿಲ್ಲ. ಹೇಳುವ ತನಕ ಅವರು ಇದ್ದರು, ಹೇಳಿದ ಮೇಲೆ ಇರಲಿಲ್ಲ. ಅದಕ್ಕೆ ತಿಳಿದಿರುವುದು ಇಷ್ಟೇ. ಒಡಪಿನ ರಿಯಾಯಿತಿಯನ್ನೂ ಅದು ನಂಬುವುದಿಲ್ಲ. ಕಾಲ ಎಲ್ಲವನ್ನೂ ಮಾಯಿಸುತ್ತದೆ ಎನ್ನುತ್ತಾರೆ. ಕಾಲ ಕಲ್ಲಿನ ಗೆಜ್ಜೆಯನ್ನು ನುಣುಪು ಮಾಡುತ್ತದೆ, ಮುರಿದ ದೇಹವನ್ನು ಕೂಡಿಸುವುದಿಲ್ಲ.

ನಿನ್ನೆ ನೀವು ಯಾರೂ ಮನೆಯಲ್ಲಿಲ್ಲದಾಗ, ದೊಡ್ಡವನ ಮುನಿಸು ನೆನಪಾಗಿ, ಒಮ್ಮೆ ಹೆಸರು ಹಿಡಿದೇ ಕೂಗಿ ನೋಡೋಣವೆಂದು ಹಿತ್ತಲ ಬಾಗಿಲಿಗೆ ಬಂದು ನಿಂತೆ. ಗಂಟಲವರೆಗೆ ಬಂತು. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂದರೂ ಅಲ್ಲೇ ನಿಂತಿದ್ದೆ. ಬೆರಳು ದಾಟಿದ ಬಳೆಯನ್ನು ಹಿಂದಕ್ಕೆ ತೆಗೆಯುವುದು ಎಷ್ಟು ಕಷ್ಟವೆಂದು ನಿನ್ನೆ ನನ್ನ ನಾಲಿಗೆಗೆ ತಿಳಿಯಿತು. ಒಳಗೆ ಬಂದು ತಾಟನ್ನು ಬೂದಿ ಹಚ್ಚಿ ಬೆಳಗಿ ಗೂಟಕ್ಕೆ ತೂಗುಹಾಕಿದೆ.

ಮುನಿಸಿಕೊಳ್ಳಬೇಡ, ತಮ್ಮಾ. ನಾಳೆಯೂ ತಾಟೇ ಬಾರಿಸುತ್ತೇನೆ. ಆ ಹೆಸರಿನಲ್ಲಿ ಉಳಿದಿರುವ ಎಣ್ಣೆಯೆಲ್ಲ ಈಗ ನಿನ್ನದು.